ಕಾಫಿಗೆ ಮುಂಚಿನ ಒಂದು ಗಂಟೆ

ಜೂನ್ 9, ಬೆಳಿಗ್ಗೆ 5.15

ಮಾತ್ರೆ ನುಂಗಿ ಆಯಿತು. ಮೇಲೆ ಒಂದು ಲೋಟ ನೀರು. ಇನ್ನು ಒಂದು ಗಂಟೆ ಕಾಫಿ ಇಲ್ಲ, ತಿಂಡಿ ಇಲ್ಲ, ಏನೂ ಇಲ್ಲ. ಅಡುಗೆಮನೆಯಲ್ಲಿ ಅತ್ತೆ ಬೆಲ್ಲದ ಕಾಫಿ ಕುದಿಸುತ್ತಿದ್ದಾರೆ. ಆ ವಾಸನೆಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮನೆ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕಾಫಿ ಗಿಡವೇ, ಕುಡಿಯಲು ಮಾತ್ರ ನನಗೆ ಪರ್ಮಿಷನ್ ಇಲ್ಲ.

ಸುಮ್ಮನೆ ಕೂತರೆ ಮತ್ತೆ ಕಣ್ಣು ಎಳೆಯುತ್ತದೆ. ಅದಕ್ಕೇ ಈ ಬರವಣಿಗೆ. ಗಂಡ ಪ್ರವೀಣ್‌ಗೆ ಎಸ್ಟೇಟಿನಲ್ಲಿ ಕೊಟ್ಟ ಡೈರಿ, ಒಂದು ಪುಟವೂ ಬಳಸದೆ ಬಿದ್ದಿತ್ತು. ದಿನವಿಡೀ ತೋಟದ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡುವವರಿಗೆ ಮನೆಯಲ್ಲೂ ಬರೆಯುವ ಆಸೆ ಇರುವುದಿಲ್ಲವಂತೆ.

ಥೈರಾಯ್ಡ್ ಅಂತೆ ನನಗೆ. ಟಿಎಸ್‌ಎಚ್ ನಲವತ್ತೆಂಟು. ನಾಲ್ಕೈದರ ಒಳಗೆ ಇರಬೇಕಾದದ್ದು. ಕತ್ತಿನಲ್ಲಿರುವ ಗ್ರಂಥಿ ಮೆಲ್ಲಗೆ ಕೆಲಸ ನಿಲ್ಲಿಸುತ್ತಾ ಬಂದಿದೆ, ಅದು ಮಾಡಬೇಕಾದ ಹಾರ್ಮೋನನ್ನೇ ಈ ಮಾತ್ರೆಯಲ್ಲಿ ಕೊಡುವುದು ಎಂದರು ಗೋಣಿಕೊಪ್ಪಲಿನ ಡಾಕ್ಟರಮ್ಮ. ಜ್ವರದ ಮಾತ್ರೆಯ ಹಾಗೆ ಇವತ್ತು ನುಂಗಿ ನಾಳೆ ಎದ್ದು ಓಡಾಡುವುದಲ್ಲ, ಆರು ವಾರ ತಾಳಿ ಎಂದರು. ಚೆನ್ನಾಗಿದೆ ಅನ್ನಿಸಿದ ಮೇಲೂ ನಿಲ್ಲಿಸಬೇಡಿ ಎಂದರು. ನಾನು ಶಾಲೆ ಮಕ್ಕಳ ಜೀಪು ಓಡಿಸುತ್ತೇನೆ ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ನಿದ್ದೆ ಬಂದ ದಿನ ಓಡಿಸಬಾರದು, ತಿಳಿಯಿತಾ ಎಂದು ಎರಡು ಸಲ ಕೇಳಿದರು.

ಬಂಕಿನಲ್ಲಿ ಡೀಸೆಲ್ ಹಾಕಿಸುತ್ತಾ ಸ್ಟಿಯರಿಂಗಿಗೆ ತಲೆ ಕೊಟ್ಟು ನಿದ್ದೆ ಹೋದದ್ದನ್ನು ಅವರಿಗೆ ಹೇಳಲಿಲ್ಲ. ಆಗ ಜೀಪಿನಲ್ಲಿ ಮಕ್ಕಳಿರಲಿಲ್ಲವಲ್ಲ.

ಜೂನ್ 17

ಏನೂ ಆಗಿಲ್ಲ. ಬಾಚಣಿಗೆ ತುಂಬ ಕೂದಲು. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತದೆ. ಧ್ವನಿ ನನ್ನದಲ್ಲ, ತಮ್ಮ ಶಶಿಯದು. ಅವನೇ ಕುಶಾಲನಗರದಿಂದ ಫೋನ್ ಮಾಡಿ 'ಭಾವ, ಅಕ್ಕಂಗೆ ಕೊಡಿ' ಅಂದ. ಮಾತಾಡುತ್ತಿದ್ದವಳು ನಾನೇ.

ಮಕ್ಕಳನ್ನು ಬಿಟ್ಟು ಬಂದು ಮಲಗುತ್ತೇನೆ, ಕರೆತರಲು ಏಳುತ್ತೇನೆ. ದಾರಿಯಲ್ಲಿ ಮಾತ್ರ ಕಿಟಕಿ ತೆರೆದು, ಮಳೆ ಎರಚಲು ಮುಖಕ್ಕೆ ಹೊಡೆಸಿಕೊಂಡು, ಮಕ್ಕಳ ಕೈಲಿ ಮಗ್ಗಿ ಹೇಳಿಸುತ್ತಾ ಎಚ್ಚರವಾಗಿರುತ್ತೇನೆ. ಹಿಂದಿನ ಸೀಟಿನ ಪೂಜಿತಾಗೆ ಹದಿಮೂರರ ಮಗ್ಗಿ ಬಂದಿದ್ದು ನನ್ನ ಥೈರಾಯ್ಡಿನಿಂದ.

ಎಲೆಕೋಸು ಬಿಡು, ಹೂಕೋಸು ಬಿಡು ಎಂದು ಊರೆಲ್ಲ ಸಲಹೆ. ಕಾಫಿ ಬಿಟ್ಟಿದ್ದೇನಲ್ಲ, ಅದು ಸಾಲದೇ.

ಜುಲೈ 2, ಬೆಳಿಗ್ಗೆ

ಇವತ್ತು ಏನೋ ಬೇರೆ. ಅಲಾರಂಗೆ ಮುಂಚೆ ಎಚ್ಚರವಾಯಿತು. ಹೊಟ್ಟೆಯೂ ತಾನಾಗಿ... ಸಾಕು, ಇದನ್ನೆಲ್ಲ ಬರೆಯಬೇಕಿಲ್ಲ. ಆದರೆ ಖುಷಿಯಾಯಿತು.

ಜುಲೈ 19

ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್ ಹನ್ನೊಂದಕ್ಕೆ ಇಳಿದಿದೆ. ಅರ್ಧ ದಾರಿ ದಾಟಿದ್ದೀರಿ ಎಂದರು ಡಾಕ್ಟರಮ್ಮ. ಐವತ್ತರ ಮಾತ್ರೆ ಎಪ್ಪತ್ತೈದಾಯಿತು. ಎದೆ ಡಬಡಬ ಅಂದರೆ, ಕೈ ನಡುಗಿದರೆ ಬಂದು ಹೇಳಬೇಕು. ಕೂದಲು ಇನ್ನೂ ಸ್ವಲ್ಪ ದಿನ ಉದುರಬಹುದು, ಹೆದರಬೇಡಿ.

ಪಾದದ ಗಂಟು ಕಾಣಿಸುತ್ತಿದೆ. ನನ್ನದೇ ಗಂಟು, ಎಷ್ಟು ತಿಂಗಳಾಯಿತೋ ನೋಡಿ. ಜೀಪಿನಲ್ಲಿ ಇವತ್ತು ನಾನು ಬೈದೆ, ಮಕ್ಕಳು ನಕ್ಕವು. 'ಆಂಟಿ ಮೊದ್ಲಿನ ಥರ ಬೈದ್ರು' ಅಂದ ದೀಕ್ಷಿತ್. ಮುಂದಿನ ಸೀಟು ಮೋಕ್ಷಿತಾಳದು, ಮೂರನೇ ಕ್ಲಾಸು, ಎಲ್ಲರಿಗಿಂತ ಚಿಕ್ಕವಳು, ಮಾತಿಗೆ ಮಾತ್ರ ಎಲ್ಲರಿಗಿಂತ ದೊಡ್ಡವಳು. ಇವತ್ತು ನಾನೂ ಅವಳಿಗೆ ಸರಿಸಮ ಮಾತಾಡಿದೆ.

ಆಗಸ್ಟ್ 3, ಆಟಿ ಹದಿನೆಂಟು

ಕುಶಾಲನಗರದ ನಮ್ಮ ಮನೆಯಲ್ಲಿ ಇದೆಲ್ಲ ಇರಲಿಲ್ಲ. ಅಪ್ಪನ ಕಡೆಯವರು ಹಾಸನದಿಂದ ಬಂದವರು, ಆಷಾಢ ಅಂದರೆ ಆಷಾಢ ಅಷ್ಟೇ. ಇಲ್ಲಿ ಅತ್ತೆಗೆ ಆಟಿ ತಿಂಗಳ ಹದಿನೆಂಟನೇ ದಿನ ಯುಗಾದಿಗಿಂತ ದೊಡ್ಡದು. ಆ ಒಂದು ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಎಂಬ ನಂಬಿಕೆ. ತೋಟದ ಬದಿಯಿಂದ ಸೊಪ್ಪು ತಂದು, ಕುದಿಸಿ, ಆ ಕಪ್ಪು ನೇರಳೆ ನೀರಲ್ಲಿ ಅಕ್ಕಿ, ಕಾಯಿ, ಬೆಲ್ಲ ಹಾಕಿ ಪಾಯಸ. ಪರಿಮಳಕ್ಕೆ ಪಕ್ಕದ ತೋಟದವರೂ ಇಣುಕಬೇಕು. ನಾಳೆ ಬಚ್ಚಲಿಗೆ ಹೋದಾಗ ಎಲ್ಲರ ಮೂತ್ರವೂ ಕೆಂಪು. ಮದುವೆಯಾದ ವರ್ಷ ಯಾರೂ ಹೇಳದೆ, ನಾನು ಸತ್ತೇ ಹೋಗುತ್ತೇನೆಂದು ಅತ್ತಿದ್ದೆ.

ಅತ್ತೆ ಬಟ್ಟಲು ಕೊಡುತ್ತಾ ತಮ್ಮ ಅರೆಭಾಷೆಯಲ್ಲಿ ಹೇಳಿದರು: 'ಈ ಸೊಪ್ಪುಲಿ ಹದ್ನೆಂಟ್ ಮದ್ದ್ ಉಟ್ಟು. ಇಂದ್ ನಿನ್ನ ಆ ಮಾತ್ರೆ ಬೇಡ.'

ಮದ್ದಿನ ಮೇಲೆ ಮದ್ದು ಬೀಳಬಾರದು ಎಂಬ ಲೆಕ್ಕ ಅವರದು. ಒಂದು ದಿನ ತಾನೆ. ಬಿಟ್ಟೆ.

ಆಗಸ್ಟ್ 4, 5.20

ಬಚ್ಚಲಲ್ಲಿ ಕೆಂಪು. ಔಷಧಿ ಒಳಗೆ ಕೆಲಸ ಮಾಡುತ್ತಿರುವಾಗ ಇನ್ನೊಂದು ಯಾಕೆ ಅನ್ನಿಸಿತು. ಮಾತ್ರೆಯ ಡಬ್ಬಿ ಕೈಯಲ್ಲಿತ್ತು, ಅಷ್ಟರಲ್ಲಿ ಅತ್ತೆ ಲೋಟ ತುಂಬ ಕಾಫಿ ಇಟ್ಟರು. ಕುಡಿದೆ. ಐದೂ ಕಾಲಿಗೆ, ಬಿಸಿಬಿಸಿ, ಮಳೆ ನೋಡುತ್ತಾ. ಸ್ವರ್ಗ ಅಂದರೆ ಇದೇ.

ಆಗಸ್ಟ್ 18

ಮಾತ್ರೆ ಬಿಟ್ಟು ಇಷ್ಟು ದಿನವಾಯಿತು. ಒಂದಾದರೂ ತೊಂದರೆ? ಇಲ್ಲ. ಬೆಳಿಗ್ಗೆ ಚುರುಕು, ರಾತ್ರಿ ಒಳ್ಳೆ ನಿದ್ದೆ. ಧ್ವನಿ ನನ್ನದೇ. ಥೈರಾಯ್ಡ್ ಹೋಯಿತು ಅಂತಲೇ ಇಟ್ಟುಕೊಂಡಿದ್ದೇನೆ. ಪ್ರವೀಣ್ ಕೇಳಿದರೆ ತಗೊಳ್ತಿದೀನಿ ಅನ್ನುತ್ತೇನೆ. ಡಾಕ್ಟರಮ್ಮನಿಗೆ ಮದ್ದು ಸೊಪ್ಪಿನ ವಿಷಯ ಗೊತ್ತಿಲ್ಲ, ಪಾಪ.

ಆಗಸ್ಟ್ 31

ಚಳಿ. ಎಲ್ಲರಿಗೂ ಚಳಿ. ನನಗೆ ಎರಡು ಸ್ವೆಟರ್ ಚಳಿ.

ಸೆಪ್ಟೆಂಬರ್ 4

ನಿನ್ನೆ ಕೈಲ್ ಮುಹೂರ್ತ, ಇಲ್ಲಿಯ ಆಯುಧದ ಹಬ್ಬ. ಹಂದಿ ಸಾರು, ಕಡುಬು, ನೆಂಟರು. ಇವತ್ತು ಮಧ್ಯಾಹ್ನ ಮಲಗಿದವಳು ಮಕ್ಕಳನ್ನು ಕರೆತರುವ ಹೊತ್ತು ಮೀರಿ ಎದ್ದೆ. ಪ್ರವೀಣ್‌ನ ಫೋನಿಗೆ ಶಾಲೆಯಿಂದ ಕರೆ. ಹಬ್ಬದ ಊಟ ಭಾರವಾಯಿತು ಅಂದೆ. ಹಬ್ಬದ ಊಟವೇ ಇರಬೇಕು.

ಸೆಪ್ಟೆಂಬರ್ 9, ಮಧ್ಯಾಹ್ನ

ಬರೆಯಲೇಬೇಕು, ಹೇಳಲು ಯಾರೂ ಇಲ್ಲ.

ಬೆಳಿಗ್ಗೆ ಮಂಜು. ತಿತಿಮತಿ ದಾಟಿ, ಕಾಡಿನ ತಿರುವು ಮುಗಿದು ನೇರ ರಸ್ತೆ. ಹಿಂದೆ ಮಕ್ಕಳು ಏನೋ ಹಾಡುತ್ತಿದ್ದವು. ಹಾಡು ದೂರ ಹೋದ ಹಾಗಾಯಿತು. ಆಮೇಲೆ ಗಾಜಿನ ತುಂಬ ಲಂಟಾನ ಪೊದೆ. ಎಡಗಡೆ ಚಕ್ರ ಎರಡೂ ಚರಂಡಿಯಲ್ಲಿ. ಅಷ್ಟೇ ನನಗೆ ಗೊತ್ತಿರುವುದು. ನಡುವಿನದು ಇಲ್ಲವೇ ಇಲ್ಲ.

ಮೋಕ್ಷಿತಾಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿದು ಬುಗುಟೆ. ರಕ್ತ ಇಲ್ಲ. ಉಳಿದವರಿಗೆ ಏನೂ ಆಗಿಲ್ಲ. ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ಅಲ್ಲಿ ಚರಂಡಿ ಅಲ್ಲ, ಹಳ್ಳ.

ಬೈಕಿನಲ್ಲಿ ಬಂದವರು ನಿಲ್ಲಿಸಿ ಏನಾಯ್ತಕ್ಕ ಅಂದರು. ನನ್ನ ಬಾಯಿ 'ಆನೆ' ಅಂದಿತು. ಒಂದೇ ಮಾತು. ಈ ಊರಿನಲ್ಲಿ ಆ ಮಾತು ಕೇಳಿದ ಮೇಲೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಅಡ್ಡ ಬಂತಾ ಅಂತಲೂ ಕೇಳಲಿಲ್ಲ, ಅವರೇ ಅಡ್ಡ ತಂದರು. ಜೀಪು ಎತ್ತಿ ರಸ್ತೆಗಿಟ್ಟರು. ಒಬ್ಬರು ಗೋಣಿಕೊಪ್ಪಲಿನವರೆಗೂ ನನ್ನ ಹಿಂದೆಯೇ ಕಾವಲು ಬಂದರು.

ಸಂಜೆ

ವಾಟ್ಸಾಪಿನ ತುಂಬ ನನ್ನ ಆನೆ. ಒಂಟಿ ಸಲಗ, ಎಚ್ಚರಿಕೆ, ಶೇರ್ ಮಾಡಿ. ಅರಣ್ಯದವರು ಪಟಾಕಿ ಹಿಡಿದುಕೊಂಡು ತಿರುವಿನಲ್ಲಿ ಕಾಯುತ್ತಿದ್ದಾರಂತೆ. ಮೋಕ್ಷಿತಾಳ ಅಮ್ಮ ಮೋನಿಷಾ ಫೋನ್ ಮಾಡಿ ಅತ್ತಳು. 'ನೀವ್ ಇದ್ದಿದ್ದಕ್ಕೆ ಮಗು ಉಳೀತಕ್ಕ' ಅಂದಳು.

ಹೂಂ ಅಂದೆ. ನಾನು ಅದಕ್ಕೂ ಹೂಂ ಅಂದೆ.

ಸೆಪ್ಟೆಂಬರ್ 10, 5.15

ಡಬ್ಬಿ ಹುಡುಕಿ ಮಾತ್ರೆ ನುಂಗಿದೆ. ಅತ್ತೆ ಕಾಫಿ ತಂದರು. ಬೇಡ ಅಂದೆ. ಅವರು ನನ್ನನ್ನು ನೋಡಿದರು, ಡಬ್ಬಿ ನೋಡಿದರು, ಲೋಟ ವಾಪಸ್ ತೆಗೆದುಕೊಂಡು ಹೋದರು. ಮಾತ್ರೆ ನುಂಗಿದ್ದೇನಲ್ಲ, ಇನ್ನು ಹುಷಾರಾಗಿ ಓಡಿಸಿದರೆ ಆಯಿತು.

ಸೆಪ್ಟೆಂಬರ್ 11

ಆನೆ ಬೆಳೆಯುತ್ತಿದೆ. ದೀಕ್ಷಿತ್ ದಂತ ನೋಡಿದ್ದಾನಂತೆ. ಪೂಜಿತಾ ಮರಿಯನ್ನೂ ಸೇರಿಸಿದ್ದಾಳೆ. ಸುಳ್ಳಲ್ಲ, ಆ ಮಕ್ಕಳಿಗೆ ಈಗ ನಿಜವಾಗಿಯೂ ನೆನಪಿದೆ. ಮೋಕ್ಷಿತಾ ಮಾತ್ರ ಆನೆಯ ಸುದ್ದಿ ಎತ್ತುವುದಿಲ್ಲ. ಮಾತಿನ ಮಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನನ್ನನ್ನೇ ನೋಡುತ್ತಾ ಕೂರುತ್ತಾಳೆ. ಹೋಗುವಾಗಲೂ, ಬರುವಾಗಲೂ.

ಮೋನಿಷಾ ಎಸ್ಟೇಟಿನ ಕೆಲಸಕ್ಕೆ ತಿರುವಿನ ಕಾಲುದಾರಿ ಬಿಟ್ಟು ಮೇನ್ ರೋಡು ಸುತ್ತಿ ಹೋಗುತ್ತಿದ್ದಾಳೆ. ಕೂಲಿ ಲೈನ್ ಮನೆಗಳ ಹೆಂಗಸರೆಲ್ಲ ಹಾಗೇ. ಮಳೆಯಲ್ಲಿ, ಇಲ್ಲದ ಆನೆಗೆ ಹೆದರಿ.

ಸೆಪ್ಟೆಂಬರ್ 12

ಇವತ್ತು ಜೀಪು ಹತ್ತಿದವಳೇ ಮೋಕ್ಷಿತಾ ಜೇಬಿನಿಂದ ಹುಣಸೆ ಮಿಠಾಯಿ ತೆಗೆದಳು. ಹಿಂದಿನವರಿಗೆ ಕೇಳದ ಹಾಗೆ, ನನ್ನ ಕಿವಿಯ ಹತ್ತಿರ ಬಂದು:

'ಇದನ್ನ ಬಾಯಲ್ಲಿ ಇಟ್ಕೊಳ್ಳಿ ಆಂಟಿ. ನಿದ್ದೆ ಬರಲ್ಲ.'

ಬಾಯಲ್ಲಿ ಇಟ್ಟುಕೊಂಡೆ. ಶಾಲೆಯವರೆಗೂ ಹೇಗೆ ಓಡಿಸಿದೆನೋ. ಎಂಟು ವರ್ಷದ ಮಗು ನನಗೆ ಕಾವಲು ಕೂತಿದೆ. ನಾಚಿಕೆ ಅಂದರೆ ಏನೆಂದು ಇವತ್ತು ಗೊತ್ತಾಯಿತು.

ಮಕ್ಕಳನ್ನು ಇಳಿಸಿ ನೇರ ಡಾಕ್ಟರಮ್ಮನ ಹತ್ತಿರ ಹೋದೆ. ಎಲ್ಲ ಹೇಳಿದೆ. ಸೊಪ್ಪು, ಕಾಫಿ, ಚರಂಡಿ, ಆನೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾರ್ಮೋನ್ ರಕ್ತದಲ್ಲಿ ವಾರಗಟ್ಟಲೆ ಉಳಿದು ಮೆಲ್ಲಗೆ ಕರಗುತ್ತದಂತೆ. ಸೊಪ್ಪಿನಿಂದ ಹುಷಾರಾದೆ ಎಂದುಕೊಂಡಿದ್ದ ದಿನಗಳೆಲ್ಲ ಹಳೆಯ ಮಾತ್ರೆಯ ಬಲ. ಸೊಪ್ಪಿನ ಪಾಯಸ ತಿನ್ನಿ, ಯಾರು ಬೇಡ ಅಂದರು, ಮಾತ್ರೆ ನುಂಗಿ ಆಮೇಲೆ ತಿನ್ನಿ ಎಂದರು. ನಿಂತಿದ್ದ ಮಾತ್ರೆ ಮತ್ತೆ ಹಿಡಿಯಲು ಮತ್ತೆ ಆರು ವಾರ. ನಾನು ಹೇಳುವವರೆಗೂ ಸ್ಟಿಯರಿಂಗ್ ಮುಟ್ಟಬೇಡಿ ಎಂದರು.

ಜೀಪು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ಮಕ್ಕಳನ್ನು ಕರೆತರಲು ಪ್ರವೀಣ್‌ನನ್ನು ಕಳಿಸಿದೆ. ತಲೆನೋವು ಅಂದೆ.

ಸೆಪ್ಟೆಂಬರ್ 13

ಪ್ರವೀಣ್‌ಗೂ ಅತ್ತೆಗೂ ಹೇಳಿದೆ. ಪ್ರವೀಣ್ ಮೊದಲು, ನಿನಗೆ ಏನಾದರೂ ಆಗಿದ್ದರೆ ಅಂದ. ಆಮೇಲೆ ರೈಟರ್ ಬುದ್ಧಿ ಬಂತು. ಆನೆ ಅಂತ ಆಗಿದೆ, ಎಲ್ಲರೂ ನಂಬಿ ಆಗಿದೆ, ಶಶಿಯನ್ನು ಕರೆಸಿ ಓಡಿಸೋಣ, ಊರಿಗೆಲ್ಲ ಯಾಕೆ ಸಾರಬೇಕು ಅಂದ. ಹೇಳಿದರೆ ಒಬ್ಬರೂ ಮಕ್ಕಳನ್ನು ಕಳಿಸುವುದಿಲ್ಲ ಅಂದ. ಅದು ನಿಜ. ಈ ಜೀಪು ಬಿಟ್ಟರೆ ನಾನು ಯಾರು ಅಂತ ನನಗೇ ಗೊತ್ತಿಲ್ಲ. ಆ ದಾರಿಯಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಂಗಸು, ನೋಡಿ ನಕ್ಕವರೇ ಆಮೇಲೆ ಮಕ್ಕಳನ್ನು ಕಳಿಸಿದರು.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. 'ಒಂದ್ ದಿನ ಬೇಡತ ಹೇಳ್ದೆ ನಾ. ನೀ ತಿಂಗ್ಳೇ ಬುಟ್ಟೊಳ' ಅಂದರು. ಕೋಪ ಅಲ್ಲ, ತಾನೇ ಕೊಟ್ಟ ಬಟ್ಟಲು ಎಂಬ ಸಂಕಟ. ನಿಮ್ಮ ತಪ್ಪಲ್ಲ ಅತ್ತೆ, ಕಾಫಿ ಆಸೆ ನನ್ನದು ಅಂದೆ. ಇಬ್ಬರೂ ಅತ್ತೆವು. ಪ್ರವೀಣ್ ಎದ್ದು ಹೊರಗೆ ಹೋದ.

ಸೆಪ್ಟೆಂಬರ್ 14, ಭಾನುವಾರ

ಮನೆ ಮನೆಗೂ ಹೋದೆ. ಅತ್ತೆ ಕೊಡೆ ಹಿಡಿದು ಜೊತೆಗೆ ಬಂದರು. ಬೇಡ ಅಂದರೂ ಕೇಳಲಿಲ್ಲ. ದೀಕ್ಷಿತ್‌ನ ಅಪ್ಪ ಮೊದಲು ನಂಬಲೇ ಇಲ್ಲ, ಮಗ ದಂತ ನೋಡಿದ್ದಾನಲ್ಲ ಎಂದು ವಾದಿಸಿದರು. ಪೂಜಿತಾಳ ಮನೆಯಲ್ಲಿ ಕೂರಿಸಿ ನೀರು ಕೊಟ್ಟರು, ಅವಳ ಚಿಕ್ಕಮ್ಮನಿಗೂ ಥೈರಾಯ್ಡಂತೆ. ಇನ್ನೊಂದು ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಬೈದರು. ಬೈಯಲಿ, ಅವರ ಮಗು. ಅರಣ್ಯದವರಿಗೆ ಪ್ರವೀಣ್ ಫೋನ್ ಮಾಡಿದ, ಪಟಾಕಿ ವಾಪಸ್ ಹೋಯಿತು.

ಮೋನಿಷಾಳ ಮನೆಗೆ ಕೊನೆಗೆ ಹೋದೆ. ಜಗಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

'ಆನೆ ಬಂದಿರ್ಲಿಲ್ಲ ಮೋನಿಷಾ. ನಾನು ನಿದ್ದೆ ಹೋಗಿದ್ದೆ.'

ಅವಳ ಕೈ ನಿಂತಿತು. ಬಾಗಿಲ ಹಿಂದಿನಿಂದ ಮೋಕ್ಷಿತಾ ಇಣುಕಿದಳು. ಹಣೆಯ ಬುಗುಟೆ ಹಳದಿಗೆ ತಿರುಗಿತ್ತು. ನನಗೆ ಧೈರ್ಯ ಹೇಳುವ ಹಾಗೆ ಅಂದಳು: 'ನಾನು ಯಾರ್ಗೂ ಹೇಳಿಲ್ಲ ಆಂಟಿ.'

ಮೋನಿಷಾ ಮಗಳನ್ನು ನೋಡಿದಳು. ಆಮೇಲೆ ನನ್ನನ್ನು.

'ನನ್ ಮಗಳ ಹತ್ರನೂ ಸುಳ್ಳು ಮುಚ್ಚಿಡಿಸಿದ್ರಲ್ಲಕ್ಕ.'

ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ಮೆಲ್ಲಗೇ ಹಾಕಿದಳು. ವಾಪಸ್ ಬರುವಾಗ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ನಾನು ಹೇಳಿಸಲಿಲ್ಲ, ಮುಚ್ಚಿಡು ಎನ್ನಲಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾದಿಸಿದೆ. ಮನೆ ಬರುವಷ್ಟರಲ್ಲಿ ವಾದ ಮುಗಿದಿತ್ತು. ಅವಳು ಹೇಳಿದ್ದು ಸರಿ.

ಸೆಪ್ಟೆಂಬರ್ 16

ಶಶಿ ಬಂದು ಜೀಪು ತೆಗೆದುಕೊಂಡು ಹೋಗುತ್ತಿದ್ದಾನೆ. ಗೇರು ಬದಲಿಸುವ ಶಬ್ದ ಕೇಳಿದರೆ ಹಲ್ಲು ಕಡಿಯುವಂತಾಗುತ್ತದೆ. ಇಬ್ಬರು ಮಕ್ಕಳು ಬಿಟ್ಟಿದ್ದಾರೆ. ಮೋಕ್ಷಿತಾಳನ್ನು ಮೋನಿಷಾ ಬಸ್ಸಿಗೆ ಹತ್ತಿಸುತ್ತಾಳಂತೆ. ನಿಂತುಕೊಂಡು ಹೋಗುತ್ತಾಳಂತೆ, ಅಷ್ಟು ಭಾರದ ಬ್ಯಾಗು ಹೊತ್ತು.

ಅಕ್ಟೋಬರ್ 6, 5.40

ಅತ್ತೆ ಎದುರಿಗೇ ಕೂತಿದ್ದಾರೆ. ಅವರೂ ಈಗ ಈ ಒಂದು ಗಂಟೆ ಕಾಫಿ ಕುಡಿಯುವುದಿಲ್ಲ. ಎಪ್ಪತ್ತೆರಡು ವರ್ಷದ ಅಭ್ಯಾಸ ಬಿಟ್ಟು ಕೂತಿದ್ದಾರೆ. ನೀವು ಯಾಕೆ ಉಪವಾಸ ಅಂದರೆ, 'ನೀ ಒಬ್ಬಳೇ ಎಂತಕೆ' ಅನ್ನುತ್ತಾರೆ. ಗಡಿಯಾರ ನೋಡುವುದು ಮಾತ್ರ ನನಗಿಂತ ಜಾಸ್ತಿ. ನಿನ್ನೆ ಗಂಟೆಯಾಗುವ ಮುಂಚೆಯೇ ಎದ್ದರು, ನಾನೇ ಕೂರಿಸಿದೆ.

ಮೊದಲ ಸಲಕ್ಕಿಂತ ಈ ಸಲ ನಿಧಾನ ಅನ್ನಿಸುತ್ತಿದೆ. ಬಹುಶಃ ಈ ಸಲ ಕಾಯುತ್ತಿರುವುದಕ್ಕೆ.

ಅಕ್ಟೋಬರ್ 25

ಟಿಎಸ್‌ಎಚ್ ಮೂರೂವರೆ. ಡಾಕ್ಟರಮ್ಮ ಕಾಗದ ನನ್ನ ಕಡೆ ತಿರುಗಿಸಿ ತೋರಿಸಿದರು. ಎಪ್ಪತ್ತೈದೇ ಮುಂದುವರಿಸಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ, ಇದು ಬಹುಶಃ ಜೀವಮಾನದ ಮಾತ್ರೆ. ನಿದ್ದೆ ಬರುತ್ತಾ, ಹಗಲು ತೂಕಡಿಸುತ್ತಾ, ಒಂದೊಂದೇ ಕೇಳಿದರು. ಸುಳ್ಳು ಹೇಳಬೇಡಿ ಅಂದರು. ಹೇಳಲಿಲ್ಲ. ಒಂದು ವಾರ ಖಾಲಿ ಜೀಪು ಓಡಿಸಿ ನೋಡಿ, ಆಮೇಲೆ ಮಕ್ಕಳನ್ನು ಹತ್ತಿಸಿ ಎಂದರು.

ನವೆಂಬರ್ 2

ಶಶಿ ಮಕ್ಕಳನ್ನು ಬಿಟ್ಟು ಬಂದ ಮೇಲೆ, ವಾರವಿಡೀ ಖಾಲಿ ಜೀಪು ಓಡಿಸಿದೆ, ಅದೇ ದಾರಿ. ಪಕ್ಕದಲ್ಲಿ ಶಶಿ. ಅವನು ತೂಕಡಿಸಿದ, ನಾನಲ್ಲ.

ಪೇರೆಂಟ್ಸ್ ಗ್ರೂಪಿಗೆ ಮೆಸೇಜ್ ಹಾಕಿದೆ. ನಾಳೆಯಿಂದ ನಾನೇ ಬರುತ್ತೇನೆ, ರಿಪೋರ್ಟಿನ ಫೋಟೋ ಹಾಕಿದ್ದೇನೆ, ಇಷ್ಟ ಇಲ್ಲದವರು ಕಳಿಸಬೇಕಾಗಿಲ್ಲ, ನನಗೆ ಬೇಜಾರಿಲ್ಲ. ಕೊನೆಯ ಮಾತು ಸುಳ್ಳು. ಪೂಜಿತಾಳ ಮನೆಯವರು ಆಯ್ತು ಅಂದರು, ದೀಕ್ಷಿತ್‌ನ ಅಪ್ಪ ಹೆಬ್ಬೆರಳು ತೋರಿಸಿದರು. ಮೋನಿಷಾ ನೋಡಿದ್ದಾಳೆ. ಏನೂ ಬರೆದಿಲ್ಲ.

ನವೆಂಬರ್ 3, ಶಾಲೆಯ ಗೇಟಿನ ಹೊರಗೆ, ಜೀಪಿನಲ್ಲಿ

ಮೋನಿಷಾಳ ಮನೆ ದಾರಿಯಲ್ಲಿ ನಿಲ್ಲಿಸಬೇಕೋ ಬೇಡವೋ ಎಂದು ನಿನ್ನೆಯಿಂದ ಯೋಚನೆ. ನಿಲ್ಲಿಸಿದೆ. ಹಾರ್ನ್ ಹೊಡೆಯಲಿಲ್ಲ. ಹೊರಡೋಣ ಅಂತ ಗೇರಿಗೆ ಕೈ ಹಾಕಿದಾಗ ಮೋನಿಷಾ ಬಂದಳು, ಮಗಳ ಕೈ ಹಿಡಿದುಕೊಂಡು. ಮಗು ಯೂನಿಫಾರಂನಲ್ಲಿತ್ತು. ಬಸ್ಸಿಗೇ ಇರಬಹುದು ಅಂದುಕೊಂಡೆ.

ಕಿಟಕಿಯ ಹತ್ತಿರ ನಿಂತು ನನ್ನ ಮುಖ ನೋಡಿದಳು. ಬಗ್ಗಿ ಕಣ್ಣು ನೋಡಿದಳು.

'ಇವತ್ತು ಮಾತ್ರೆ ತಗೊಂಡ್ರಾ?'

'ತಗೊಂಡೆ.'

'ದಿನಾ ಕೇಳ್ತೀನಿ.'

ಕೇಳು ಅಂದೆ. ಅವಳು ಕೈ ಬಿಟ್ಟಳು. ಮಗು ಮುಂದಿನ ಸೀಟಿಗೇ ಹತ್ತಿತು.

ತಿರುವಿನವರೆಗೂ ನನ್ನನ್ನೇ ನೋಡುತ್ತಾ ಕೂತಿದ್ದಳು, ಕಣ್ಣು ಮಿಟುಕಿಸದೆ. ತಿರುವು ದಾಟಿತು. ನೇರ ರಸ್ತೆ. ನಾನು ರಸ್ತೆ ಬಿಟ್ಟು ಬೇರೆ ಏನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಏನೋ ಭಾರ ಎಡತೋಳಿಗೆ ಒರಗಿತು. ಮೋಕ್ಷಿತಾ ನಿದ್ದೆ ಹೋಗಿದ್ದಳು.

ಉಳಿದ ಮಕ್ಕಳೆಲ್ಲ ಇಳಿದು ಹೋದವು. ಇವಳು ಇನ್ನೂ ಎದ್ದಿಲ್ಲ, ಬಾಯಿ ತೆರೆದುಕೊಂಡು ಮಲಗಿದ್ದಾಳೆ. ಡೈರಿ ತೊಡೆಯ ಮೇಲಿಟ್ಟುಕೊಂಡು, ತೋಳು ಅಲುಗಿಸದೆ ಬರೆಯುತ್ತಿದ್ದೇನೆ. ಬೆಲ್ ಹೊಡೆಯುವ ಹೊತ್ತಾಯಿತು. ಎಬ್ಬಿಸಬೇಕು. ಎಬ್ಬಿಸಬೇಕು, ಆದರೆ ಇನ್ನೊಂದು ನಿಮಿಷ ಮಲಗಲಿ.